ಬಸ್ಸಿಲ್ಲದ ರೂಟು

ಬಸ್ಸು ನಿಂತ ಮೇಲೆ ಡ್ರೈವರಿಗೆ ಕೈಕಾಲೇ ಆಡುತ್ತಿರಲಿಲ್ಲ. ರೋಗ ಊರೆಲ್ಲ ಹರಡಿ, ಬಸ್ಸುಗಳನ್ನೆಲ್ಲ ಡಿಪೋದೊಳಗೆ ಸಾಲಾಗಿ ನಿಲ್ಲಿಸಿ ಗೇಟು ಹಾಕಿ ವಾರಗಳಾಗಿದ್ದವು. ಮದುವೆಗೂ ಮುಂಚಿನಿಂದ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದ ಮನುಷ್ಯ ಅವನು. ಬೀದಿಯವರೆಲ್ಲ ಅವನ ಹೆಸರು ಮರೆತು ಡ್ರೈವರು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆತ್ತ ತಾಯಿಯೂ ಹಾಗೆಯೇ ಕರೆಯುತ್ತಿದ್ದಳು. ಅಂಥವನ ಕೈಗೆ ಈಗ ಸ್ಟೇರಿಂಗಿನ ಬದಲು ಸೌಟು ಬಂದಿತ್ತು. ಸೌಟಿನ ಜೊತೆಗೆ ಹೆಂಡತಿ ಇನ್ನೊಂದು ಕೆಲಸವನ್ನೂ ಅಂಟಿಸಿ ಹೋಗಿದ್ದಳು.

“ಅನ್ನ ಸೀದ್ರೂ ಪರವಾಗಿಲ್ಲ, ಮನೆ ಗುಡಿಸದೇ ಇದ್ರೂ ಪರವಾಗಿಲ್ಲ. ಮಕ್ಕಳನ್ನ ಮಾತ್ರ ದಿನಾ ಒಂದ್ಸಲ ಹೊರಗೆ ಕರ್ಕೊಂಡು ಹೋಗಿ. ರೂಮಲ್ಲೇ ಕೂತು ಕೂತು ಬಿಳಿಚಿಕೊಂಡಿದಾರೆ.”

“ಎಲ್ಲಿಗೇಂತ ಕರ್ಕೊಂಡು ಹೋಗ್ಲಿ? ಎಲ್ಲಾ ಕಡೆ ಬಾಗಿಲು ಹಾಕಿದೆ.”

“ಅದೆಲ್ಲ ನಂಗೊತ್ತಿಲ್ಲ. ಬಸ್ ತುಂಬಾ ಜನಾನ ದಿನಾ ಎಲ್ಲೆಲ್ಲಿಗೋ ಹೊತ್ಕೊಂಡು ಹೋಗ್ತಿದ್ರಿ. ಮನೇಲಿರೋ ಎರಡು ಮಕ್ಕಳು ಭಾರ ಆದ್ವಾ?”

ಹೀಗೆ ಹೇಳಿ ಅವಳು ಬಟ್ಟೆಚೀಲ ಹೆಗಲಿಗೇರಿಸಿದ್ದಳು. ಅವಳಿಗೆ ಕೆಲಸ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ರೋಗಿಗಳ ಬೆಡ್‌ಶೀಟು, ಹೊದಿಕೆ, ಗೌನು ಎಲ್ಲವನ್ನೂ ಮೆಷಿನ್ನಿಗೆ ಹಾಕಿ, ಟೆರೇಸಿನ ಮೇಲೆ ಒಣಗಿಸಿ, ಮಡಚಿ ವಾರ್ಡುಗಳಿಗೆ ಕಳಿಸುವುದು. ಈಗ ಬಟ್ಟೆಯ ರಾಶಿ ಮೂರು ಪಟ್ಟಾಗಿತ್ತು. ಲಾಂಡ್ರಿಯವರು ಮನೆಗೆ ಹೋಗಿಬರುವುದು ಬೇಡ, ಆಸ್ಪತ್ರೆಯಲ್ಲೇ ಉಳಿಯಲಿ ಎಂದು ಮೇಲಿನವರು ಹೇಳಿದರು. ಚಿಕ್ಕ ಮಕ್ಕಳಿರುವವರಿಗೆ ವಿನಾಯಿತಿ ಇತ್ತು. ಇವಳೂ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಇವಳು ಫೋನಿನಲ್ಲಿ ಸೂಪರ್‌ವೈಸರಿಗೆ, “ನನ್ನ ಮಕ್ಕಳು ದೊಡ್ಡೋರಾಗಿದಾರೆ ಮೇಡಂ, ನಾನಿರ್ತೀನಿ” ಅಂದುಬಿಟ್ಟಳು. ಪಕ್ಕದ ರೂಮಿನಲ್ಲಿದ್ದ ಮಗಳ ಕಿವಿಗೆ ಆ ಮಾತು ಬಿತ್ತು.

ಅಂದಿನಿಂದ ಪುಟ್ಟಿ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಹದಿನೇಳು ವರ್ಷದ ಹುಡುಗಿಯನ್ನು ಇನ್ನೂ ಪುಟ್ಟಿ ಎಂದೇ ಕರೆಯುವ ಮನೆ ಅದು. ತಾಯಿ ಹೊರಡುವಾಗ ಬಾಗಿಲಿಗೂ ಬರಲಿಲ್ಲ. ಮಗಳ ಆನ್‌ಲೈನ್ ಕ್ಲಾಸಿಗೆ ಬೇಕಾಗುತ್ತದೆಂದು ತಾಯಿ ತನ್ನ ಒಳ್ಳೆಯ ಫೋನನ್ನು ದಿಂಬಿನ ಕೆಳಗಿಟ್ಟು, ಅತ್ತೆಯ ಹಳೇ ಬಟನ್ ಫೋನು ಕೇಳಿ ತೆಗೆದುಕೊಂಡು ಹೋಗಿದ್ದಳು.

“ನನ್ನ ಫೋನು ಹೋಯ್ತು, ಮಾತಾಡೋ ಸೊಸೇನೂ ಹೋದ್ಲು. ಇನ್ನು ನಿಮ್ಮ ಮುಖ ನೋಡ್ಕೊಂಡು ಕೂತಿರ್ಬೇಕು” ಎಂದು ಅಜ್ಜಿ ದಿನಕ್ಕೊಂದು ಸಲವಾದರೂ ಗೊಣಗುತ್ತಿದ್ದಳು.

ಇನ್ನುಳಿದವನು ಮಗ. ಹುಟ್ಟಿದ ವಾರವೇ ಇಡೀ ಬೀದಿ ಎದ್ದು ಕೂರುವಂತೆ ಅತ್ತವನು. ಆಗಲೇ ಡ್ರೈವರು ಅವನಿಗೆ ಹಾರ್ನು ಎಂದು ಹೆಸರಿಟ್ಟ. ಆ ಹಾರ್ನಿಗೆ ಈಗ ಹದಿನಾಲ್ಕು. ಅದೂ ಸದ್ದಡಗಿ, ಹಾಸಿಗೆಯ ಮೇಲೆ ಬೋರಲು ಬಿದ್ದು ಮೊಬೈಲಿನ ಆಟದಲ್ಲಿ ಯಾರನ್ನೋ ಗುಂಡಿಕ್ಕಿ ಕೊಲ್ಲುತ್ತಿತ್ತು.

ಬೆಳಗ್ಗೆ ಒಂದಿಷ್ಟು ಹೊತ್ತು ಮಾಸ್ಕ್ ಹಾಕಿಕೊಂಡು ಅಡ್ಡಾಡಬಹುದೆಂದು ಸರ್ಕಾರದವರು ಸಡಿಲ ಬಿಟ್ಟಾಗ ಡ್ರೈವರಿಗೆ ಹುರುಪು ಬಂತು. ಮೊದಲ ದಿನ ಮಕ್ಕಳನ್ನು ಆಟದ ಮೈದಾನಕ್ಕೆ ಹೊರಡಿಸಿದ. ಹೋಗಿ ನೋಡಿದರೆ ಗೇಟಿಗೆ ಬೀಗ. ಮೂವರೂ ಬೀಗವನ್ನೇ ನೋಡಿಕೊಂಡು ನಿಂತರು.

“ಬೀಗ ಚೆನ್ನಾಗಿದೆ ಅಪ್ಪ” ಎಂದ ಹಾರ್ನು. “ಹೋಗೋಣ್ವಾ?”

ಇನ್ನೊಂದು ದಿನ ಡಿಪೋ ಕಡೆ ನಡೆಸಿಕೊಂಡು ಹೋದ. ಗೇಟಿನ ಸರಳಿಗೆ ಮೂಗು ತಾಗಿಸಿ, “ಅಲ್ನೋಡಿ, ಮೂರನೇ ಸಾಲು. ಎಡಗಡೆ ಕನ್ನಡಿ ಸ್ವಲ್ಪ ವಾರೆಯಾಗಿದೆಯಲ್ಲ, ಅದೇ ನಂದು” ಎಂದ. ಬಸ್ಸಿನ ಗಾಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿತ್ತು.

“ಅಪ್ಪ, ಅಳ್ತಿದೀಯಾ?”

“ಧೂಳು ಕಣೋ.”

“ಧೂಳು ಬಸ್ ಮೇಲಿದೆ ಅಪ್ಪ, ನಾವು ಇಲ್ಲಿದೀವಿ.”

ಮೂರನೇ ಸಲ ಹಕ್ಕಿ ನೋಡುವುದೆಂದಾಯಿತು. ಊರು ಖಾಲಿಯಾಗಿ ಎಲ್ಲೆಲ್ಲಿಯದೋ ಹಕ್ಕಿಗಳು ಬಂದಿವೆಯೆಂದು ಯಾರೋ ಹೇಳಿದ್ದರು. ಕಾಲುವೆಯ ಏರಿ ಮೇಲೆ ಕುತ್ತಿಗೆ ಉಳುಕುವಷ್ಟು ಹೊತ್ತು ನಿಂತರು.

“ಅದೇನದು?” ಡ್ರೈವರು ಬೆರಳು ತೋರಿದ.

“ಕಾಗೆ.”

“ಇದು?”

“ಅದೇ ಕಾಗೆ. ಈ ಕಡೆ ಬಂತು” ಎಂದಳು ಪುಟ್ಟಿ. ಆವತ್ತಿಡೀ ದಿನ ಅವಳ ಬಾಯಿಂದ ಬಂದದ್ದು ಅಷ್ಟೇ ಮಾತು.

ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಫೋನು ರಿಂಗಾದ ಕೂಡಲೇ ಪುಟ್ಟಿಗೆ ಪಾತ್ರೆ ತೊಳೆಯುವ ಹುಕಿ ಬರುತ್ತಿತ್ತು. ನಲ್ಲಿಯನ್ನು ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಲ್ಲುವಳು. ಅತ್ತಲಿಂದ ತಾಯಿ, “ಅವಳೆಲ್ಲಿ?” ಎಂದು ಕೇಳಿದರೆ ಡ್ರೈವರು, “ಪಾತ್ರೆ ತೊಳೀತಿದಾಳೆ” ಎನ್ನುವನು. “ಓ, ನಾನಿಲ್ಲದಿದ್ರೆ ಎಷ್ಟು ಕೆಲಸ ಮಾಡ್ತಾಳಪ್ಪ” ಎಂದು ಅವಳು ನಗುವಳು. ಆ ನಗು ಅರ್ಧಕ್ಕೇ ನಿಲ್ಲುವುದು ಡ್ರೈವರಿಗೆ ಕೇಳಿಸುತ್ತಿತ್ತು.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ.

“ನಿಮ್ಮಮ್ಮನ ಹತ್ರ ಒಂದು ಮಾತಾಡಿದ್ರೆ ಬಾಯಿ ಸವೆದು ಹೋಗುತ್ತೇನೆ?”

“ದೊಡ್ಡೋರಾಗಿದೀವಲ್ಲ. ದೊಡ್ಡೋರಿಗೆ ಅಮ್ಮ ಯಾಕೆ ಬೇಕು?” ಪುಟ್ಟಿ ತಟ್ಟೆ ಎತ್ತಿಕೊಂಡಳು.

“ದೊಡ್ಡೋಳಾದೋಳು ತಟ್ಟೆ ಎತ್ಕೊಂಡು ರೂಮಿಗೆ ಓಡಲ್ಲ ಕಣೇ” ಎಂದಳು ಅಜ್ಜಿ. “ಕೂತ್ಕೊಂಡು ತಿಂದು, ಆಮೇಲೆ ಜಗಳ ಆಡ್ತಾಳೆ. ನಿಮ್ಮಮ್ಮನ್ನೇ ನೋಡು, ನನ್ನ ಜೊತೆ ಇಷ್ಟು ವರ್ಷ ಜಗಳ ಆಡಿದಾಳೆ, ಒಂದಿನಾನಾದ್ರೂ ಊಟ ಬಿಟ್ಟು ಎದ್ದಿದಾಳಾ?”

ಬಾಗಿಲು ದಡಾರೆಂದಿತು. ಡ್ರೈವರು ಸೀದ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತ. ಹೆಂಡತಿ ಮನೆಗೆ ಬರುವ ಹೊತ್ತಿಗೆ ತಾಯಿ ಮಗಳು ಅಪರಿಚಿತರಂತಾಗಿಬಿಟ್ಟರೆ ಏನು ಗತಿ ಎಂಬ ಭಯ ಅವನಿಗೆ ಹತ್ತಿತು. ಮಕ್ಕಳನ್ನು ನೋಡಿಕೊಳ್ಳಿ ಎಂದು ಅವಳು ಒಪ್ಪಿಸಿಹೋದದ್ದು ಇವನಿಗೆ. ಹೊಟ್ಟೆಗೆ ಹಾಕಿದ್ದಾನೆ, ಗಾಳಿಗೆ ಬಿಟ್ಟಿದ್ದಾನೆ, ಆದರೆ ಮಗಳ ಸಿಟ್ಟನ್ನು ಇಳಿಸುವ ಗೇರು ಯಾವುದೆಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಹಲ್ಲುಜ್ಜುವಾಗ ಉಪಾಯ ಹೊಳೆಯಿತು. ತನಗೆ ಗೊತ್ತಿರುವುದು ಒಂದೇ ದಾರಿ. ಆ ದಾರಿಯ ಕೊನೆಯ ಸ್ಟಾಪು ದೊಡ್ಡಾಸ್ಪತ್ರೆ. ಇಷ್ಟು ವರ್ಷ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅಲ್ಲಿ ಬಸ್ಸು ತಿರುಗಿಸುವಾಗ ಅವನು ಎರಡು ಸಲ ಡಿಪ್ಪರ್ ಹೊಡೆಯುತ್ತಿದ್ದ. ಆಸ್ಪತ್ರೆ ಮುಂದೆ ಹಾರ್ನ್ ಮಾಡುವಂತಿಲ್ಲವಲ್ಲ. ಲೈಟು ಮಿನುಗಿದ್ದು ಕಂಡು ಟೆರೇಸಿನ ಬೆಡ್‌ಶೀಟುಗಳ ನಡುವಿನಿಂದ ಒಂದು ಕೈ ಮೇಲೇಳುತ್ತಿತ್ತು. ಗಂಡಹೆಂಡಿರ ದಿನದ ಮಾತುಕತೆ ಅಷ್ಟರಲ್ಲೇ ಮುಗಿಯುತ್ತಿತ್ತು.

“ಇವತ್ತಿಂದ ನನ್ನ ರೂಟಲ್ಲಿ ನಡೆಯೋಣ” ಎಂದ. “ದಿನಾ ಇಷ್ಟಿಷ್ಟೇ ಮುಂದೆ.”

“ಕೊನೇ ಸ್ಟಾಪ್ ಯಾವುದು ಅಂತ ನಂಗೂ ಗೊತ್ತು ಅಪ್ಪ” ಎಂದಳು ಪುಟ್ಟಿ ಮುಖ ಎತ್ತದೆ. “ನಾನೂ ಡ್ರೈವರ್ ಮಗಳೇ.”

“ಕೊನೇವರೆಗೆ ಯಾರು ಬಾ ಅಂದ್ರು? ಅದರ ಹಿಂದಿನ ಸ್ಟಾಪಲ್ಲಿ ಇಳ್ಕೋ.”

ನಡೆದುಕೊಂಡು ಹೋಗುವವಳು ಇಳಿದುಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ. ಅವಳೂ ಶೂ ಹಾಕಿಕೊಂಡಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಲ್ಕು ಮನೆಯಷ್ಟು ಹಿಂದೆ ನಡೆದಳು, ಈ ಜನಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ.

ಮೊದಲ ಸ್ಟಾಪಿಗೆ ಬರುತ್ತಿದ್ದಂತೆ ಡ್ರೈವರು ಎಡಕ್ಕೆ ಸರಿದು, ಹಳದಿ ಗೆರೆಯ ಪಕ್ಕ ಗಕ್ಕನೆ ನಿಂತ.

“ಯಾಕಪ್ಪ ನಿಂತೆ?”

ಡ್ರೈವರು ಕಣ್ಣು ಪಿಳಿಪಿಳಿ ಮಾಡಿದ. “ಸುಮ್ನೆ.”

ಎರಡನೇ ಸ್ಟಾಪಿನಲ್ಲೂ ನಿಂತ. ಮೂರನೆಯದರಲ್ಲೂ. ಅಷ್ಟೇ ಅಲ್ಲ, ಹೊರಡುವ ಮುಂಚೆ ಬಲಗಡೆ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ, ಅಲ್ಲೊಂದು ಕನ್ನಡಿ ಇದ್ದಂತೆ. ಹಾರ್ನು ರಸ್ತೆಯ ಮಧ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಕ್ಕಾ, ನೋಡೇ! ಅಪ್ಪ ಪ್ಯಾಸೆಂಜರ್ ಹತ್ತಿಸ್ಕೋತಿದಾನೆ!” ಪುಟ್ಟಿ ನಗಲಿಲ್ಲ. ಆದರೆ ಮಾಸ್ಕಿನ ಮೇಲಿನ ಕಣ್ಣು ಸ್ವಲ್ಪ ಸಣ್ಣದಾಯಿತು. ಡ್ರೈವರು ಅದನ್ನು ಕಂಡು, ಮುಂದಿನ ಸ್ಟಾಪಿನಲ್ಲಿ ಬೇಕೆಂದೇ ಇನ್ನಷ್ಟು ಹೊತ್ತು ನಿಂತ.

ಒಂದು ವಾರದೊಳಗೆ ಅವರು ಕೊನೆಯ ಸ್ಟಾಪು ಮುಟ್ಟಿದರು. ಹೇಳಿದಂತೆ ಪುಟ್ಟಿ ಹಿಂದಿನ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಅಲ್ಲಿಂದ ಆಸ್ಪತ್ರೆ ಕಾಣುತ್ತಿರಲಿಲ್ಲ. ತಂದೆ ಮಗ ಮಾತ್ರ ಮುಂದೆ ಹೋದರು. ಎದುರಿನ ಟೆರೇಸಿನ ತುಂಬ ಬಿಳಿ ಬೆಡ್‌ಶೀಟು. ಅದರ ನಡುವೆ ನೀಲಿ ಗೌನು, ಟೋಪಿ, ಮೂಗಿನವರೆಗೆ ಮಾಸ್ಕು ಹಾಕಿದ ಒಂದು ಆಕೃತಿ.

“ಅದೋ, ನಿಮ್ಮಮ್ಮ!” ಎಂದ ಡ್ರೈವರು. ಲೈಟಂತೂ ಇರಲಿಲ್ಲ, ಎರಡೂ ಕೈ ಎತ್ತಿ ಬೀಸಿದ. ಹಾರ್ನು ಎಗರಿ ಎಗರಿ ಬೀಸಿದ.

ಮೇಲಿನವಳು ಒಮ್ಮೆ ತನ್ನ ಹಿಂದೆ ತಿರುಗಿ ನೋಡಿದಳು. ಮತ್ತೆ ಇವರ ಕಡೆ ನೋಡಿದಳು. ಆಮೇಲೆ ನಿಧಾನಕ್ಕೆ ಕೈ ಎತ್ತಿದಳು.

ರಾತ್ರಿ ಫೋನು ಬಂದಾಗ ಡ್ರೈವರಿಗೆ ಸಂಭ್ರಮವೋ ಸಂಭ್ರಮ. “ನೋಡಿದ್ಯಾ ನಮ್ಮನ್ನ? ಹೆಂಗೆ ಬೀಸಿದ್ವಿ?”

“ಹೂಂ... ಹೂಂ ರೀ. ಚೆನ್ನಾಗಿತ್ತು. ದಿನಾ ಬನ್ನಿ.”

“ಧ್ವನಿ ಯಾಕೆ ಹಿಂಗಿದೆ?”

“ಸೋಪಿನ ಹಬೆ ಕಣ್ರೀ, ಗಂಟಲು ಕಟ್ಟಿದೆ ಅಷ್ಟೆ.”

ಅಂತೂ ಮನೆಗೊಂದು ತಿರುಗಾಟ ಸಿಕ್ಕಿತು. ಅಜ್ಜಿಯೂ ಮಂಡಿನೋವು ಮರೆತು ಮಡಚುವ ಸ್ಟೂಲಿನ ಸಮೇತ ಹೊರಟಳು. ಅವಳಿಗಾಗಿ ಸ್ಟಾಪಿಗೊಂದು ವಿಶ್ರಾಂತಿ. ಕೊನೆಯ ಸ್ಟಾಪಿನಲ್ಲಿ ಸ್ಟೂಲು ಬಿಚ್ಚಿ ಕೂತು, ಖಾಲಿ ರಸ್ತೆ ಗುಂಯ್‌ಗುಡುವಂತೆ “ಊಟ ಆಯ್ತಾ?” ಎಂದು ಕೂಗುವಳು. ಮೇಲಿನವಳು ಮಾತಾಡದೆ ತಲೆಯಾಡಿಸುವಳು. ಹಾರ್ನು ಕುಣಿದು ತೋರಿಸಿದರೆ ಅವಳೂ ದಿಂಬಿನ ಕವರು ಹಿಡಿದು ಎರಡು ಹೆಜ್ಜೆ ಹಾಕುವಳು. ಒಂದು ದಿನ ಬೆಡ್‌ಶೀಟಿನ ಹಿಂದೆ ಅಡಗಿ ಇಣುಕಿದಳು. ಇನ್ನೊಂದು ದಿನ ತಲೆಗೆ ಬಕೆಟ್ಟು ಕವುಚಿಕೊಂಡಳು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ನಿನ್ನ ಹೆಂಡ್ತಿ ಇಷ್ಟು ತಮಾಷೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ. ಮನೇಲಿ ಯಾವಾಗಲೂ ಸೌಟು ಕುಟ್ಟಿಕೊಂಡೇ ಇರ್ತಿದ್ಲು.”

“ನೀನು ಅವಳನ್ನ ನಗೋಕೆ ಬಿಟ್ರೆ ತಾನೇ!” ಎಂದ ಡ್ರೈವರು.

ಮನೆಗೆ ಹೋಗಿ ಊಟಕ್ಕೆ ಕೂತಾಗಲೂ ಅದೇ ಮಾತು. ಪುಟ್ಟಿ ಎಂದಿನಂತೆ ತಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

“ಏನಂದೆ? ಅಮ್ಮ ಕುಣಿದಳಾ?”

“ಹೂಂ ಅಕ್ಕ! ಬಕೆಟ್ ಹಾಕ್ಕೊಂಡು!”

“ಅಮ್ಮನಾ? ಬಕೆಟ್ಟಾ?” ಪುಟ್ಟಿ ವಾಪಸು ಬಂದು, ಎಷ್ಟೋ ವಾರಗಳ ನಂತರ ತನ್ನ ಜಾಗದಲ್ಲಿ ಕೂತಳು. “ಸರಿಯಾಗಿ ಹೇಳು.” ಹಾರ್ನು ಹೇಳಿದ್ದಷ್ಟನ್ನೂ ಅನ್ನ ಕಲಸುತ್ತ ಕೇಳಿದಳು. ಮಗಳು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಾಳೆಂಬ ಖುಷಿಗೆ ಡ್ರೈವರು ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ.

ಮರುದಿನ ಅವಳು ಕಲ್ಲುಬೆಂಚಿನ ಮೇಲೆ ಕೂರಲಿಲ್ಲ. ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಸರಸರನೆ ನಡೆದಳು. ಅಜ್ಜಿ ಮಗನ ಪಕ್ಕೆಗೆ ತಿವಿದಳು. ಡ್ರೈವರಿಗೆ ಕಾಲು ನೆಲದ ಮೇಲಿರಲಿಲ್ಲ. ಗೆದ್ದೆ, ಇವತ್ತು ರಾತ್ರಿ ಹೆಂಡತಿಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ.

ಪುಟ್ಟಿ ರಸ್ತೆಯ ಅಂಚಿನಲ್ಲಿ ನಿಂತು, ಕೈ ಬೀಸದೆ, ಟೆರೇಸನ್ನೇ ನೋಡಿದಳು. ಮೇಲಿನವಳು ಒಣಗಿದ ಬೆಡ್‌ಶೀಟೊಂದನ್ನು ಎಳೆದು, ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಎದೆಯ ಮೇಲೆ ಒಬ್ಬಳೇ ಮಡಚುತ್ತಿದ್ದಳು.

“ಅದು ಅಮ್ಮ ಅಲ್ಲ” ಎಂದಳು.

“ಶುರುವಾಯ್ತು ನಿಂದು” ಎಂದ ಡ್ರೈವರು. “ಸಿಟ್ಟಿದ್ರೆ ಇರ್ಲಿ, ಅಮ್ಮನೇ ಅಲ್ಲ ಅಂತೀಯಲ್ಲೇ!”

“ಅಪ್ಪ, ಅಮ್ಮ ಗದ್ದಕ್ಕೆ ಸಿಗಿಸಿಕೊಂಡು ಮಡಚಲ್ಲ. ಮೊದಲು ಎರಡು ಸಲ ಕೊಡವುತ್ತಾಳೆ, ಫಟ್ ಫಟ್ ಅಂತ. ಆಮೇಲೆ ಮೂಲೆಗೆ ಮೂಲೆ ಕೂಡಿಸ್ತಾಳೆ. ಚಿಕ್ಕೋಳಿದ್ದಾಗಿಂದ ಆ ಕಡೆ ತುದಿ ಹಿಡಿದಿರೋಳು ನಾನು. ನಂಗೊತ್ತಿಲ್ವಾ?”

“ಅಲ್ಲಿ ಬೇರೆ ಥರ ಮಡಚ್ತಾಳೇನೋ...”

ಪುಟ್ಟಿ ಆಗಲೇ ಫೋನು ತೆಗೆದಿದ್ದಳು. ತಾಯಿ ಹೋದಮೇಲೆ ಅವಳಾಗಿಯೇ ತಾಯಿಗೆ ಮಾಡುತ್ತಿರುವ ಮೊದಲ ಫೋನು. ಸ್ಪೀಕರಿಗೆ ಹಾಕಿದಳು.

“ಹಲೋ? ರೀ?”

“ನಾನು.”

“...ಪುಟ್ಟೀ?” ಆ ಧ್ವನಿ ಒಂದೇ ಕ್ಷಣದಲ್ಲಿ ಹಿಗ್ಗಿ ಒಡೆಯಿತು.

“ಎಲ್ಲಿದೀಯ ಅಮ್ಮ?”

“ಇಲ್ಲೇ ಕಣೇ, ಟೆರೇಸ್ ಮೇಲೆ. ಬಟ್ಟೆ ಒಣಗಿಸ್ತಿದೀನಿ.”

“ಹೌದಾ? ಕೈ ಎತ್ತು ನೋಡೋಣ.”

ನಾಲ್ವರೂ ಮೇಲೆ ನೋಡಿದರು. ಟೆರೇಸಿನವಳು ಎರಡೂ ಕೈಯಲ್ಲಿ ಬೆಡ್‌ಶೀಟು ಮಡಚುತ್ತಲೇ ಇದ್ದಳು. ಅವಳ ಕಿವಿಯ ಬಳಿ ಫೋನಿರಲಿಲ್ಲ. ಅಜ್ಜಿ ಸ್ಟೂಲಿನಿಂದ ಎದ್ದು ನಿಂತಳು. ಡ್ರೈವರಿಗೆ ಬ್ರೇಕು ಒತ್ತಿದರೂ ಬಸ್ಸು ನಿಲ್ಲದೆ ಜಾರಿದಂತಾಯಿತು.

“ಅಮ್ಮ.” ಪುಟ್ಟಿ ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು. “ಎಲ್ಲಿದೀಯ ಹೇಳು.”

“ಗಾಬರಿ ಆಗ್ಬೇಡ್ರೇ...” ತಾಯಿ ಉಸಿರು ಎಳೆದುಕೊಂಡು ಹೇಳಿದಳು. ಜ್ವರ ಬಂದಿತ್ತು. ಟೆಸ್ಟು ಮಾಡಿದರು, ಅದೇ ರೋಗ ಅಂದರು. ಹಿಂದಿನ ಬ್ಲಾಕಿನಲ್ಲಿ ಮಲಗಿಸಿದ್ದಾರೆ. ಎರಡು ದಿನ ಕಷ್ಟವಾಯಿತು, ಈಗ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. “ಡಾಕ್ಟ್ರು ಇನ್ನೇನು ಮನೆಗೆ ಕಳಿಸ್ತೀನಿ ಅಂದಿದಾರೆ. ಆಮೇಲೆ ಹೇಳೋಣ ಅಂತ ಸುಮ್ನಿದ್ದೆ.”

“ಕಿಟಕಿ ಇದ್ಯಾ ಅಲ್ಲಿ?”

“ಇದೆ. ಎದುರಿಗೆ ನೀರಿನ ಟ್ಯಾಂಕು ಕಾಣ್ಸುತ್ತೆ. ಆದ್ರೆ ನೀವು—”

ಪುಟ್ಟಿ ಆಗಲೇ ಓಡುತ್ತಿದ್ದಳು. ಉಳಿದವರು ಹಿಂದೆ. ಬಸ್ಸು ಮುಂಬಾಗಿಲಿಗೆ ಬಂದು ತಿರುಗುತ್ತಿತ್ತೇ ಹೊರತು ಆಸ್ಪತ್ರೆಗೊಂದು ಹಿಂಬದಿ ಇದೆಯೆಂಬುದೇ ಡ್ರೈವರಿಗೆ ತಿಳಿದಿರಲಿಲ್ಲ. ಹಳೇ ಮಂಚ, ಮುರಿದ ಗಾಲಿಕುರ್ಚಿ ಒಟ್ಟಿದ್ದ ಓಣಿಯೊಳಗೆ ಮಗಳು ದಾರಿ ತೋರಿಸಿದಳು, ಅವನು ಅಜ್ಜಿಯ ರಟ್ಟೆ ಹಿಡಿದು ಅವಳ ಹಿಂದೆ ಹೋದ. ನೀರಿನ ಟ್ಯಾಂಕಿನ ಹತ್ತಿರ ಮೋಟುಗೋಡೆ, ಅದರ ಮೇಲೆ ತಂತಿಬಲೆ, ಅದರಾಚೆ ನೆಲಮಹಡಿಯ ಕಿಟಕಿಗಳ ಸಾಲು. ನಾಲ್ಕನೆಯದರಲ್ಲಿ ಅವಳು ಸರಳು ಹಿಡಿದು ನಿಂತಿದ್ದಳು. ಕೂದಲು ಬಾಚಿರಲಿಲ್ಲ, ಕೆನ್ನೆ ಒಳಗೆ ಹೋಗಿತ್ತು. ಈ ಸಲ ಡ್ರೈವರಿಗೆ ಯಾರೂ ಗುರುತು ಹೇಳಿಕೊಡಬೇಕಾಗಲಿಲ್ಲ.

“ಯಾರು ಹೇಳಿದ್ದು ನಿಂಗೆ ನಾನು ದೊಡ್ಡೋಳಾಗಿದೀನಿ ಅಂತ?” ಪುಟ್ಟಿ ತಂತಿಬಲೆಗೆ ಬೆರಳು ಸಿಕ್ಕಿಸಿ ಕಿರುಚಿದಳು. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು. “ಯಾರನ್ನ ಕೇಳಿ ಹೇಳ್ದೆ? ನಾನೇನೂ ಆಗಿಲ್ಲ!”

“ಇಲ್ಲ ಕಂದ, ಆಗಿಲ್ಲ” ಎಂದಳು ತಾಯಿ. “ತಪ್ಪಾಯ್ತು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಹಾಲು ಕುಡಿಯೋ ಮಕ್ಕಳ ತಾಯಂದ್ರು ಇದ್ರು ಕಣೇ, ಅದಕ್ಕೆ.”

“ಫೋನಲ್ಲಿ ಸುಳ್ಳು ಬೇರೆ ಹೇಳ್ತಿದ್ದೆ!”

“ನೀನು ಫೋನಿಗೆ ಬಂದಿದ್ರೆ ಹೇಳೋಕೆ ಆಗ್ತಿರ್ಲಿಲ್ಲ. ನಿಮ್ಮಪ್ಪನಿಗಾದ್ರೆ ಏನು ಹೇಳಿದ್ರೂ ನಂಬ್ತಾರೆ.”

ಎಲ್ಲರೂ ಡ್ರೈವರ ಕಡೆ ತಿರುಗಿದರು. ಹಾರ್ನಿಗೆ ಆಗ ನೆನಪಾಯಿತು. “ಅಮ್ಮ, ಹಂಗಾದ್ರೆ ನಾವು ಇಷ್ಟು ದಿನ ಕೈ ಬೀಸಿದ್ದು ಯಾರಿಗೆ?”

“ಅಪ್ಪ ಇಷ್ಟು ವರ್ಷ ಡಿಪ್ಪರ್ ಹೊಡೆದಿದ್ದು ಯಾರಿಗೆ ಅಂತ ಮೊದಲು ಕೇಳು” ಎಂದಳು ಪುಟ್ಟಿ ಮೂಗು ಸೀಟುತ್ತ. ಅಳುವಿನ ಮಧ್ಯವೇ ಅವಳಿಗೆ ನಗು ಬಂದುಬಿಟ್ಟಿತು.

ಡ್ರೈವರು ನೆಲ ನೋಡಿದ. ಅಜ್ಜಿ, “ಕಟ್ಟಿಕೊಂಡ ಹೆಂಡ್ತೀನ ಗುರುತು ಹಿಡಿಯೋಕೆ ಬರಲ್ಲ, ಇವನ ಕೈಗೆ ಬಸ್ ಕೊಟ್ಟಿದಾರಲ್ಲಪ್ಪ” ಎಂದು ಹಣೆ ಚಚ್ಚಿಕೊಂಡಳು. ಬಕೆಟ್ಟಿನ ಕುಣಿತಕ್ಕೆ ಎಲ್ಲರಿಗಿಂತ ಹೆಚ್ಚು ನಕ್ಕವಳು ತಾನೇ ಎಂಬುದು ಅವಳಿಗೆ ಮರೆತೇಹೋಗಿತ್ತು.

ಕಿಟಕಿಯಲ್ಲಿದ್ದವಳು ನಗಲು ಹೋಗಿ ಕೆಮ್ಮಿದಳು. ಸುಧಾರಿಸಿಕೊಂಡು ಹೇಳಿದಳು. “ಡಿಪ್ಪರ್ ನಂಗೇ ರೀ, ಹೆದರ್ಬೇಡಿ. ಟೆರೇಸಲ್ಲಿರೋದು ಹೊಸಬಳು, ನಾನೇ ಕೆಲಸ ಹೇಳ್ಕೊಟ್ಟಿದ್ದೆ, ಈಗ ನನ್ನ ಜಾಗಕ್ಕೆ ಹಾಕಿದಾರೆ. ದೂರದ ಊರಿಂದ ಬಂದೋಳು. ಇಲ್ಲಿ ಅವಳಿಗೆ ಒಂದು ನರಪಿಳ್ಳೆ ಇಲ್ಲ. ದಿನಾ ನಂಗೆ ಫೋನ್ ಮಾಡಿ ಹೆಂಗಿದೀಯ ಅಕ್ಕ ಅಂತ ಕೇಳ್ತಾಳೆ. ನೀವು ಬಂದ ಮೊದಲ್ನೇ ದಿನಾನೇ ಅಂದ್ಲು, ‘ಅಕ್ಕ, ಯಾರೋ ಬಂದು ನಂಗೆ ಕೈ ಬೀಸಿದ್ರು. ಒಬ್ಬ ಹುಡುಗ ಎಗರ್ತಿದ್ದ, ಒಬ್ಬ ಗಂಡಸು ಸರಿಯಾಗಿ ಹಳದಿ ಗೆರೆ ಪಕ್ಕ ನಿಂತಿದ್ದ’ ಅಂತ. ಯಾರು ಅಂತ ನಂಗೆ ತಕ್ಷಣ ಗೊತ್ತಾಯ್ತು.”

“ಮತ್ತೆ ಹೇಳ್ಬಾರದಿತ್ತಾ!” ಎಂದ ಡ್ರೈವರು.

“ಜ್ವರ ಬಿಟ್ಟ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವಳೇ ಅಂದ್ಲು, ‘ಒಬ್ರು ಅಜ್ಜಿ ಊಟ ಆಯ್ತಾ ಅಂತ ಕೇಳ್ತಾರೆ ಅಕ್ಕ. ನಾನು ಬಾಯಿ ಬಿಡಲ್ಲ. ಬಾಯಿ ಬಿಟ್ರೆ ನಾನು ಅವ್ರ ಮನೆಯೋಳಲ್ಲ ಅಂತ ಗೊತ್ತಾಗಿ, ನಾಳೆಯಿಂದ ಬರೋದೇ ಬಿಟ್ಬಿಡ್ತಾರೆ’ ಅಂತ.”

ಅಜ್ಜಿ ಸ್ಟೂಲು ಬಿಚ್ಚಿ ಓಣಿಯಲ್ಲೇ ಕೂತಳು.

ಹೆಂಡತಿ ಮನೆಗೆ ಬಂದಳು. ಕೆಲವು ದಿನ ಹೊರರೂಮಿನಲ್ಲಿ ಒಬ್ಬಳೇ ಇದ್ದಳು. ಬಾಗಿಲಾಚೆ ತಟ್ಟೆ ಇಡುವ ಕೆಲಸ ಪುಟ್ಟಿಯದು. ತಟ್ಟೆ ಇಟ್ಟು ಅಲ್ಲೇ ಗೋಡೆಗೊರಗಿ ಕೂತು, ತಾಯಿ ಉಂಡು ಮುಗಿಸುವವರೆಗೂ ಜಗಳ ಆಡುವಳು, ಉಪ್ಪು ಕಡಿಮೆಯಾಯಿತೆಂದು, ನೀರು ಕುಡಿಯುವುದಿಲ್ಲವೆಂದು. ಆ ಜಗಳ ಕೇಳುತ್ತ ಡ್ರೈವರು ಅಡುಗೆಮನೆಯಲ್ಲಿ ಹಗುರಾಗಿ ಪಾತ್ರೆ ತೊಳೆಯುತ್ತಿದ್ದ. ಆಮೇಲೆ ಅವಳು ಎಲ್ಲರ ಜೊತೆ ಊಟಕ್ಕೆ ಕೂತಳು. ಮೊದಲ ತುತ್ತಿಗೇ, “ರೀ, ಇಷ್ಟು ದಿನ ಇದನ್ನಾ ತಿಂದ್ರು ಇವ್ರು?” ಎಂದಳು. ಮನೆ ಮೊದಲಿನಂತಾಯಿತು.

ಮರುದಿನ ಬೆಳಗ್ಗೆ ಡ್ರೈವರು ಕಾಲು ಚಾಚಿಕೊಂಡು ಚಹಾ ಕುಡಿಯುತ್ತಿದ್ದ. ಹೆಂಡತಿ ಮನೆಯಲ್ಲಿದ್ದಾಳೆ, ಒಪ್ಪಿಸಿದ್ದ ಕೆಲಸ ಮುಗಿಯಿತು, ಇನ್ನು ಯಾರನ್ನೂ ಎಲ್ಲಿಗೂ ಹೊರಡಿಸುವ ತಾಪತ್ರಯವಿಲ್ಲ. ಬಾಗಿಲ ಬಳಿ ಸದ್ದಾಯಿತು. ನೋಡಿದರೆ ಪುಟ್ಟಿ ಶೂ ಹಾಕಿಕೊಂಡು ನಿಂತಿದ್ದಾಳೆ. ಹಾರ್ನು ಅಜ್ಜಿಯ ಸ್ಟೂಲು ಹಿಡಿದಿದ್ದಾನೆ.

“ಏಳಪ್ಪ, ಹೊರಡು.”

“ಎಲ್ಲಿಗೆ? ನಿಮ್ಮಮ್ಮ ಇಲ್ಲೇ ಇದಾಳಲ್ಲೇ!”

“ಅವಳಿರಲ್ವಾ ಅಲ್ಲಿ, ಕಾಯ್ಕೊಂಡು?” ಎಂದಳು ಪುಟ್ಟಿ. “ಎಷ್ಟು ದಿನ ಆಯ್ತು ನಾವು ಹೋಗ್ದೆ. ಏನಂದ್ಕೊಂಡಿರ್ತಾಳೆ?”

“ನಂಗೆ ಅಷ್ಟು ದೂರ ನಡೆಯೋಕೆ ಆಗಲ್ಲ ಕಣೇ” ಎಂದಳು ತಾಯಿ. “ನೀವು ಹೋಗ್ಬನ್ನಿ.”

“ಆಗುತ್ತೆ. ಅಪ್ಪ ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ತಾನೆ” ಎಂದು ಮಗಳು ಅವಳ ಚಪ್ಪಲಿ ತಂದು ಕಾಲ ಮುಂದಿಟ್ಟಳು. ಹೊರಡುವಾಗ ಹಗ್ಗದ ಮೇಲಿದ್ದ ಬೆಡ್‌ಶೀಟೊಂದನ್ನು ಎಳೆದು ಚೀಲಕ್ಕೆ ತುರುಕಿದಳು.

ಅಜ್ಜಿಗೂ ಸೊಸೆಗೂ ಸರದಿಯ ಮೇಲೆ ಸ್ಟೂಲು. ಪ್ರತಿ ಸ್ಟಾಪಿನಲ್ಲೂ ಡ್ರೈವರು ಹಳದಿ ಗೆರೆ ನೋಡಿ ನಿಂತ, ಎಲ್ಲರೂ ಉಸಿರು ತೆಗೆದುಕೊಂಡ ಮೇಲೆ ಪುಟ್ಟಿ ಹಿಂದಿನಿಂದ “ರೈಟ್, ರೈಟ್!” ಎಂದಳು, ಮತ್ತೆ ಹೊರಟರು. ಹೀಗೆ ಕೊನೆಯ ಸ್ಟಾಪು ಬಂತು. ಟೆರೇಸಿನ ಮೇಲೆ ನೀಲಿ ಗೌನಿನವಳು ಇವರಿಗೆ ಬೆನ್ನು ಹಾಕಿ ಬಟ್ಟೆ ಹರವುತ್ತಿದ್ದಳು. ಬಕೆಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

ಪುಟ್ಟಿ ಬೆಡ್‌ಶೀಟು ತೆಗೆದು ಒಂದು ತುದಿಯನ್ನು ತಾಯಿಯ ಕೈಗೆ ಕೊಟ್ಟಳು, ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಹೋದಳು. ಇಬ್ಬರೂ ಒಮ್ಮೆಗೇ ಕೊಡವಿದರು, ಫಟ್, ಫಟ್. ಖಾಲಿ ರಸ್ತೆಯಲ್ಲಿ ಸದ್ದು ಆಚೆ ಗೋಡೆಗೆ ಹೋಗಿ ಬಡಿಯಿತು.

ಮೇಲಿನವಳು ತಿರುಗಿದಳು. ಕೆಳಗೆ ಐದು ಜನ. ಬೆಡ್‌ಶೀಟಿನ ಆ ತುದಿಯಲ್ಲಿರುವುದು ಲಾಂಡ್ರಿಯ ಅಕ್ಕ ಎಂದು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಗುರುತು ಸಿಕ್ಕಮೇಲೆ ಎತ್ತಿದ್ದ ಕೈಯನ್ನು ಅರ್ಧಕ್ಕೇ ಇಳಿಸಿಬಿಟ್ಟಳು. ಸಿಕ್ಕಿಬಿದ್ದವಳ ಹಾಗೆ ಬೆಡ್‌ಶೀಟುಗಳ ಹಿಂದೆ ಸರಿದಳು.

ಡ್ರೈವರು ಹಳದಿ ಗೆರೆ ದಾಟಿ ರಸ್ತೆಯ ನಟ್ಟನಡುವೆ ಹೋಗಿ ನಿಂತು, ಎರಡೂ ಕೈ ಎತ್ತಿ ಬೀಸಿದ. ಹಾರ್ನು ಕುಣಿಯತೊಡಗಿದ. ತಾಯಿ ಮಗಳು ಬೆಡ್‌ಶೀಟನ್ನು ಬಾವುಟದಂತೆ ಮೇಲೆತ್ತಿದರು. ಅಜ್ಜಿ ಮಾತ್ರ ನಿಧಾನವಾಗಿ ಸ್ಟೂಲು ಬಿಚ್ಚಿ, ಕೂತು, ಸೆರಗು ಸರಿಮಾಡಿಕೊಂಡು, ಎಂದಿನಂತೆ ಕೂಗಿದಳು.

“ಊಟ ಆಯ್ತಾ?”

ಬೆಡ್‌ಶೀಟುಗಳು ಗಾಳಿಗೆ ಅಲ್ಲಾಡಿದವು. ಅವುಗಳ ನಡುವಿನಿಂದ ಅವಳು ಈಚೆ ಬಂದಳು, ಕಟ್ಟೆಯವರೆಗೂ ಬಂದಳು, ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡಳು. ಇಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟಳು. ತೆಳ್ಳಗಿನ, ಎಳೆಯ ಧ್ವನಿ.

“ಆಯ್ತಜ್ಜೀ! ನಿಮ್ದಾಯ್ತಾ?”